ಮೇಡಂ ಮಾತು ಬೇರೆ, ನಮ್ಮ ಮಾತು ಬೇರೆ

(ಕಲಿಕೆ ಕೇಂದ್ರದ ಅಕ್ಕತಂಗಿಯರ ಮುಂದೆ ಆಡಿದ ಮಾತು)



ಕೆಲವರು ಮಗ್ಗದ ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಗಾರ್ಮೆಂಟ್ಸ್‌ನಿಂದ ಬಂದಿದ್ದೀರಿ. ಕೆಲವರು ಡೈರಿಗೆ ಹಾಲು ಹಾಕಿ ಹಾಗೇ ಬಂದಿದ್ದೀರಿ. ಒಲೆ ಮೇಲೆ ಸಾರು ಇಟ್ಟು ಬಂದವರೂ ಇರಬಹುದು. ಅದಕ್ಕೇ ನಾವು ಬೇಗ ವಿಷಯಕ್ಕೆ ಬರುತ್ತೇವೆ.

ಇವತ್ತು ನಿಮ್ಮ ಮಕ್ಕಳ ಶಾಲೆಯ ಮಾತು. ಅಲ್ಲಿ ಒಬ್ಬರು ಮೇಡಂ ಇದ್ದಾರೆ. ಅವರು ಒಂದು ಹೇಳ್ತಾರೆ. ನಾವು ಇನ್ನೊಂದು ಹೇಳ್ತೇವೆ. ಅದು ಲೆಕ್ಕ ತಪ್ಪಿದ ಮಾತಲ್ಲ, ಕಾಪಿ ಬರೆಯದ ಮಾತಲ್ಲ. ರಾಜಕೀಯದ ಮಾತು. ಆಗ ಏನು ಮಾಡೋದು?

'ರಾಜಕೀಯ ನಮಗ್ಯಾಕೆ? ಅದು ಗಂಡಸರ ಕೆಲಸ, ಕಟ್ಟೆ ಮೇಲೆ ಕೂತು ಆಡ್ಕೊಳ್ಳಲಿ' ಅಂತ ಕೆಲವರು ನಗಬಹುದು. ಆದರೆ ನೋಡಿ. ಮಗುವಿನ ಊಟದ ತಟ್ಟೆಗೆ ಮೊಟ್ಟೆ ಬರಬೇಕೋ ಬೇಡವೋ? ಪುಸ್ತಕದಲ್ಲಿ ಯಾವ ಪಾಠ ಇರಬೇಕು? ಯಾವ ಭಾಷೆಯಲ್ಲಿ ಪಾಠ ಹೇಳಬೇಕು? ಇವೆಲ್ಲ ವಿಧಾನಸೌಧದಲ್ಲಿ ತೀರ್ಮಾನ ಆಗುತ್ತವೆ. ಅಂದಮೇಲೆ ಇವೂ ರಾಜಕೀಯವೇ. ನಮ್ಮ ಅಡುಗೆಮನೆ ತನಕ ಬಂದಿರುವ ರಾಜಕೀಯ.

ಮೇಡಂ ಮಾತು ನಮಗೆ ಒಪ್ಪಿಗೆ ಆಗದಿದ್ದರೆ ನಾವು ಸಾಮಾನ್ಯವಾಗಿ ಏನು ಮಾಡ್ತೇವೆ? ಸುಮ್ಮನೆ ಇದ್ದುಬಿಡ್ತೇವೆ. 'ಅವರು ಓದಿದೋರು, ನಾವು ಏನು ಹೇಳೋದು' ಅಂತ ಸೆರಗು ಸರಿ ಮಾಡಿಕೊಂಡು ಬಂದುಬಿಡ್ತೇವೆ. ಇಲ್ಲವೇ ಒಳಗೇ ಕುದ್ದು ಕುದ್ದು ಒಂದು ದಿನ ಶಾಲೆ ಗೇಟಿನ ಹತ್ತಿರ ನಿಂತು ಕೂಗಾಡ್ತೇವೆ. ಸುಮ್ಮನಿದ್ದಾಗಲೂ ಮಾತು ನಡೆಯಲಿಲ್ಲ. ಕೂಗಾಡಿದಾಗಲೂ ಮಾತು ನಡೆಯಲಿಲ್ಲ.

ಒಂದೇ ವಿಷಯ ಹಿಡಿದು ನೋಡೋಣ. ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆ ಬೆಳಗ್ಗೆ ಎಂಟು ಗಂಟೆಗೆ ರಸ್ತೆಗೆ ಬಂದು ನಿಂತರೆ ಸಾಕು. ಸಾಲಾಗಿ ಸ್ಕೂಲ್ ವ್ಯಾನುಗಳು. ಸರ್ಕಾರಿ ಶಾಲೆ ಕೂಗಳತೆ ದೂರದಲ್ಲಿ ಇರುತ್ತದೆ. ವ್ಯಾನು ಅದರ ಮುಂದೆಯೇ ಹೋಗುತ್ತದೆ. ವ್ಯಾನಿನಲ್ಲಿ ಕೂತಿರುವ ಮಕ್ಕಳೂ ಕೂಲಿಯವರ ಮಕ್ಕಳೇ. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತು. ಸುತ್ತ ಹೋಟೆಲು, ಗೋದಾಮು, ಕಂಪನಿ ಬಂದವು. ಕೆಲಸ ಕೇಳೋಕೆ ಹೋದರೆ ಇಂಗ್ಲಿಷ್ ಬರುತ್ತಾ ಅಂತ ಕೇಳ್ತಾರೆ. ತಾಯಿಗೆ ಆ ಮಾತು ಮನಸ್ಸಿನಲ್ಲಿ ಕೂತುಬಿಡುತ್ತದೆ.

ಈ ಜಗಳ ನಿನ್ನೆ ಮೊನ್ನೆಯದಲ್ಲ. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ವಿ.ಕೃ. ಗೋಕಾಕರ ಸಮಿತಿ ಹೈಸ್ಕೂಲಿನಲ್ಲಿ ಕನ್ನಡವೇ ಮೊದಲ ಭಾಷೆ ಆಗಬೇಕು ಎಂದಿತ್ತು. ಅದಕ್ಕಾಗಿ ಡಾ. ರಾಜ್‌ಕುಮಾರ್ ಬೀದಿಗೆ ಇಳಿದರು. ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ, ಕೇಳಿ ನೋಡಿ. 1994ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲಿ ಇಲ್ಲವೇ ಕನ್ನಡದಲ್ಲೇ ಪಾಠ ಹೇಳಬೇಕು ಅಂತ. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು. ಇಪ್ಪತ್ತು ವರ್ಷ ಕೇಸು ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮಗು ಯಾವ ಭಾಷೆಯಲ್ಲಿ ಓದಬೇಕು ಅನ್ನೋದನ್ನು ಸರ್ಕಾರ ಬಲವಂತ ಮಾಡುವಂತಿಲ್ಲ, ಅದನ್ನು ಆರಿಸೋದು ತಂದೆತಾಯಿಗೆ ಬಿಟ್ಟದ್ದು ಅಂತ ಹೇಳಿತು.

2019ರಲ್ಲಿ ಇನ್ನೊಂದು ತಿರುವು. ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರುಮಾಡಲು ಸರ್ಕಾರ ಹೊರಟಿತು. ಅದೇ ವರ್ಷ ಜನವರಿಯಲ್ಲಿ ಧಾರವಾಡದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಚಂದ್ರಶೇಖರ ಕಂಬಾರರು. ಮಕ್ಕಳ ಕಲಿಕೆ ಕನ್ನಡದಲ್ಲೇ ನಡೆಯಬೇಕು ಎಂದರು ಅವರು. ಆಗ ಮುಖ್ಯಮಂತ್ರಿ ಆಗಿದ್ದ ಎಚ್.ಡಿ. ಕುಮಾರಸ್ವಾಮಿ ಅವರು ಬಡವರ ಮಕ್ಕಳಿಗೂ ಇಂಗ್ಲಿಷ್ ಸಿಗಬೇಕು ಎಂದರು. ಹಲವು ಸಾಹಿತಿಗಳು ಸರ್ಕಾರದ ಮೇಲೆ ಸಿಟ್ಟಾದರು. ದಲಿತ ಮುಖಂಡರಲ್ಲಿ ಹಲವರು, 'ಶ್ರೀಮಂತರ ಮಕ್ಕಳಿಗೆ ಇಂಗ್ಲಿಷು, ನಮ್ಮ ಮಕ್ಕಳಿಗೆ ಮಾತ್ರ ಕನ್ನಡ ಉಳಿಸೋ ಕೆಲಸವಾ?' ಎಂದು ಕೇಳಿದರು.

ನೋಡಿದಿರಾ? ಅಷ್ಟು ಓದಿದವರಿಗೇ ಒಮ್ಮತ ಇಲ್ಲ. ಈ ಮಾತು ಹೇಳ್ತಿರುವ ನಮ್ಮಲ್ಲೂ ಒಮ್ಮತ ಇಲ್ಲ. ನಮ್ಮಲ್ಲಿ ಇಬ್ಬರು ಮೇಡಂ ಕಡೆ, ಒಬ್ಬರು ತಾಯಿ ಕಡೆ. ಹಾಗಾಗಿ ಯಾವುದು ಸರಿ ಅಂತ ನಾವು ತೀರ್ಪು ಹೇಳೋಕೆ ಬಂದಿಲ್ಲ.

ಈಗ ಒಂದು ಮಾತುಕತೆ ಕೇಳಿ. ಇದು ನಾವೇ ಕಟ್ಟಿದ್ದು. ಆದರೆ ಇದರಲ್ಲಿರುವ ಒಂದೊಂದು ಮಾತೂ ನಿಮ್ಮ ಬಾಯಲ್ಲಿ ಬರುವಂಥದ್ದೇ. ತಾಯಿ ದೊಡ್ಡಬಳ್ಳಾಪುರದ ಕಡೆಯವಳು. ಮನೆಯಲ್ಲಿ ಪವರ್‌ಲೂಮ್ ಇದೆ, ಕಂಡಿಕೆ ಸುತ್ತುತ್ತಾಳೆ. ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಸಂಜೆ ನಾಲ್ಕೂವರೆಗೆ, ಮಕ್ಕಳೆಲ್ಲ ಹೋದ ಮೇಲೆ, ತಾಯಿ ಶಾಲೆಗೆ ಬರುತ್ತಾಳೆ.

'ಮೇಡಂ, ಒಂದ್ ಮಾತಿತ್ತು. ಕೆಲಸ ಇದ್ರೆ ಆಮೇಲೆ ಬರ್ತೀನಿ.'

'ಇಲ್ಲ, ಬನ್ನೀಮ್ಮ. ಕೂತ್ಕೊಳ್ಳಿ. ಏನು?'

'ನಮ್ ಹುಡುಗೀನ ಬರೋ ವರ್ಷ ಇಂಗ್ಲಿಷ್ ಮೀಡಿಯಂಗೆ ಸೇರಿಸ್ಬೇಕು ಅಂತಿದೀವಿ. ನಿಮಗೆ ಹೇಳ್ದೇನೆ ಮಾಡೋಕೆ ಮನಸ್ಸು ಬರ್ಲಿಲ್ಲ.'

ಮೇಡಂ ಮುಖ ಸಣ್ಣದಾಗುತ್ತದೆ. 'ಅವಳು ಚೆನ್ನಾಗಿ ಓದ್ತಾಳಲ್ಲಮ್ಮ. ಯಾಕೆ?'

'ಚೆನ್ನಾಗಿ ಓದ್ತಾಳೆ, ಇಲ್ಲ ಅನ್ನಲ್ಲ. ನನ್ ತಮ್ಮನೂ ಚೆನ್ನಾಗೇ ಓದಿದ್ದ. ಒಂದು ಕಂಪ್ನಿಗೆ ಕೆಲಸ ಕೇಳೋಕೆ ಹೋದ. ಇಂಗ್ಲಿಷ್‌ನಲ್ಲಿ ಕೇಳಿದ್ರಂತೆ. ಉತ್ತರ ಗೊತ್ತಿತ್ತಂತೆ ಮೇಡಂ, ಬಾಯಿ ಬರ್ಲಿಲ್ಲವಂತೆ. ಎದ್ದು ಬಂದ. ಈಗ ಮಗ್ಗದಲ್ಲೇ ಇದ್ದಾನೆ.'

'ಅದು ಕಷ್ಟವೇ. ಆದರೆ ನನ್ನ ಮಾತೂ ಸ್ವಲ್ಪ ಕೇಳಿ. ಮಗು ಮನೆ ಭಾಷೇಲಿ ಕಲಿತರೆ ಅರ್ಥ ಮಾಡ್ಕೊಂಡು ಕಲಿಯುತ್ತೆ. ಗೊತ್ತಿಲ್ಲದ ಭಾಷೇಲಿ ಕಲಿತರೆ ಉರು ಹೊಡೆಯುತ್ತೆ. ನಾನು ಎಷ್ಟೋ ಮಕ್ಕಳನ್ನ ನೋಡಿದೀನಿ. ಅಲ್ಲಿ ಆಗದೆ ನಾಲ್ಕನೇ ಕ್ಲಾಸಿಗೆ ತಿರುಗಿ ಇಲ್ಲಿಗೆ ಬರ್ತಾರೆ. ಕನ್ನಡವೂ ಬರಲ್ಲ, ಇಂಗ್ಲಿಷೂ ಬರಲ್ಲ.'

'ಮನೆ ಭಾಷೆ ಅಂದ್ರಲ್ಲ ಮೇಡಂ, ನಮ್ಮನೇಲಿ ತೆಲುಗು. ನಮ್ ಹುಡುಗಿ ಕನ್ನಡಾನೂ ಇಲ್ಲೇ ಬಂದು ಕಲ್ತಿದ್ದು. ಅದನ್ನ ಕಲ್ತವಳು ಇದನ್ನೂ ಕಲಿಯಲ್ವಾ?'

ಮೇಡಂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. 'ಅದು ನಿಜ. ಅವಳು ಮೊದಲ ವರ್ಷ ಎಷ್ಟು ಸುಮ್ಮನೆ ಕೂತಿರ್ತಿದ್ದಳು, ನೆನಪಿದೆ. ಆದರೆ ಕನ್ನಡ ಬೀದೀಲಿತ್ತು, ಆಟದಲ್ಲಿತ್ತು, ಅಂಗಡೀಲಿತ್ತು. ಅದಕ್ಕೇ ಬೇಗ ಬಂತು. ಇಂಗ್ಲಿಷ್ ನಿಮ್ಮ ಬೀದೀಲಿ ಎಲ್ಲಿದೆ?'

ಈಗ ತಾಯಿ ಸುಮ್ಮನಾಗುತ್ತಾಳೆ. ಆಮೇಲೆ ಕೇಳುತ್ತಾಳೆ. 'ಮೇಡಂ, ತಪ್ಪು ತಿಳೀಬೇಡಿ. ನಿಮ್ ಮಗ ಎಲ್ಲಿ ಓದ್ತಾನೆ?'

ಇಲ್ಲಿ ಸ್ವಲ್ಪ ನಿಲ್ಲಿಸೋಣ. ಈ ಪ್ರಶ್ನೆ ಎಲ್ಲ ಊರಲ್ಲೂ ಇದೆ. ಬೆನ್ನ ಹಿಂದೆ ಎಲ್ಲರೂ ಕೇಳ್ತಾರೆ. ಎದುರಿಗೆ ಯಾರೂ ಕೇಳೋದಿಲ್ಲ. ಕೇಳಬಾರದ ಪ್ರಶ್ನೆ ಅಲ್ಲ ಇದು ಅಂತ ನಾವು ಹೇಳ್ತೇವೆ. ಆದರೆ ಹತ್ತು ಜನರ ಮುಂದೆ ಮೇಡಂ ಬಾಯಿ ಮುಚ್ಚಿಸೋಕೆ ಕೇಳಿದರೆ ಅದು ಚುಚ್ಚು ಮಾತು. ಒಬ್ಬರೇ ಇದ್ದಾಗ, ತಿಳಿದುಕೊಳ್ಳೋಕೆ ಕೇಳಿದರೆ ಅದು ಪ್ರಶ್ನೆ. ಈ ತಾಯಿ ಸಂಜೆ ಎಲ್ಲರೂ ಹೋದ ಮೇಲೆ ಬಂದಳಲ್ಲ, ಅದು ಜಾಣತನ. ಮುಂದೆ ಕೇಳಿ.

'ಪ್ರೈವೇಟ್ ಶಾಲೇಲಿ ಓದ್ತಾನೆ. ಇಂಗ್ಲಿಷ್ ಮೀಡಿಯಂ' ಎನ್ನುತ್ತಾರೆ ಮೇಡಂ. 'ನಮ್ಮನೇವರ ಹಠ. ನನಗೂ ಪೂರ್ತಿ ಬೇಡ ಅನ್ನೋಕೆ ಧೈರ್ಯ ಬರಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆಯಮ್ಮ. ಸಂಜೆ ಕೂತು ಹೇಳಿಕೊಡೋಕೆ ಅವನಿಗೆ ನಾವಿಬ್ಬರಿದ್ದೀವಿ. ನಿಮ್ಮ ಮಗಳಿಗೆ ಯಾರು ಹೇಳಿಕೊಡ್ತಾರೆ?'

'ಅದಕ್ಕೇ ಮೇಡಂ ನಾನೂ ರಾತ್ರಿ ಹೊತ್ತು ಅಕ್ಷರ ಕಲೀತಿರೋದು. ಈಗ ಕನ್ನಡ ಕೂಡಿಸಿ ಓದ್ತೀನಿ. ಇಂಗ್ಲಿಷ್ ಇನ್ನೂ ಆಗಲ್ಲ.'

ಇಬ್ಬರೂ ನಗುತ್ತಾರೆ. ನಗು ಬಂತು ಅಂತ ಒಪ್ಪಿಗೆ ಆಯಿತು ಅಂತಲ್ಲ. ಮೇಡಂ ಮತ್ತೆ ಹೇಳುತ್ತಾರೆ. 'ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಒಂದರಿಂದ ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದೋರಿಗೆ ರಾಜ್ಯ ಸರ್ಕಾರದ ಕೆಲಸದಲ್ಲಿ ನೂರಕ್ಕೆ ಐದು ಮೀಸಲಾತಿ ಇದೆ. ಮೀಡಿಯಂ ಬದಲಾಯಿಸಿದರೆ ಅದು ಹೋಗುತ್ತೆ.'

'ಅದು ಗೊತ್ತಿರ್ಲಿಲ್ಲ. ಮನೇಲಿ ಹೇಳ್ತೀನಿ. ಆದ್ರೂ ಮೇಡಂ, ಎಲ್ರಿಗೂ ಸರ್ಕಾರಿ ಕೆಲಸ ಎಲ್ಲಿ ಸಿಗುತ್ತೆ?'

'ಅದೂ ಸರಿ.'

'ಒಂದು ಕೇಳ್ತೀನಿ. ಇದೇ ಶಾಲೇಲಿ ಇಂಗ್ಲಿಷ್ ಮೀಡಿಯಂ ಬಂದ್ರೆ ನಾನ್ಯಾಕೆ ವ್ಯಾನಿಗೆ ದುಡ್ಡು ಕೊಡ್ಲಿ? ನಾವು ಅರ್ಜಿ ಬರೆದ್ರೆ ಆಗಲ್ವಾ?'

ಮೇಡಂ ಯೋಚನೆ ಮಾಡುತ್ತಾರೆ. 'ಸಣ್ಣ ತರಗತಿಗೆ ಅದು ಬೇಡ ಅನ್ನೋದೇ ನನ್ನ ಅಭಿಪ್ರಾಯ. ಅದನ್ನ ಸಭೇಲೂ ಹೇಳ್ತೀನಿ. ಆದರೆ ಅರ್ಜಿ ಬರೆಯೋದು ನಿಮ್ಮ ಹಕ್ಕು. ಬರೆದು ಕೊಡಿ. ನಾನೇ ಎಸ್‌ಡಿಎಂಸಿ ಸಭೇಲಿ ಇಡ್ತೀನಿ. ಆ ತನಕ ಇಂಗ್ಲಿಷ್ ಪೀರಿಯಡ್ ಸರಿಯಾಗಿ ನಡೆಯೋ ಹಾಗೆ ನೋಡ್ಕೋತೀನಿ. ಮಕ್ಕಳು ಬರೀ ಬರೆಯೋದಲ್ಲ, ದಿನಾ ಬಾಯಿಬಿಟ್ಟು ಮಾತಾಡೋ ಹಾಗೆ ಮಾಡ್ತೀನಿ. ಅದು ನನ್ನ ಕೈಲಿದೆ.'

'ಈ ವರ್ಷ ಮುಗೀಲಿ ಮೇಡಂ. ನೋಡ್ತೀನಿ' ಎಂದು ತಾಯಿ ಏಳುತ್ತಾಳೆ.

ಇಷ್ಟೇ ಮಾತುಕತೆ. ಮಗಳನ್ನು ಅಲ್ಲೇ ಬಿಟ್ಟಳೋ, ವ್ಯಾನಿಗೆ ಹತ್ತಿಸಿದಳೋ? ನಾವು ಬರೆದಿಲ್ಲ. ಯಾವುದು ಮಾಡಿದರೂ ಆಕೆ ನಾಳೆ ಸಂತೆಯಲ್ಲಿ ಮೇಡಂ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗಬೇಕಾಗಿಲ್ಲ.

ಇದರಲ್ಲಿ ನಾವು ಗಮನಿಸಿದ್ದು ಕೆಲವು. ತಾಯಿ 'ನೀವು ಪಾಠ ಸರಿಯಾಗಿ ಮಾಡಲ್ಲ' ಅನ್ನಲಿಲ್ಲ. ತನ್ನ ತಮ್ಮನ ಕಥೆ ಹೇಳಿದಳು. ತನ್ನ ಮನೆಯ ಕಥೆಯನ್ನು ಯಾರೂ ಸುಳ್ಳು ಅನ್ನೋಕೆ ಆಗೋದಿಲ್ಲ. ಮೇಡಂ ಕೂಡ 'ನಿಮಗೆ ಗೊತ್ತಾಗಲ್ಲ ಬಿಡಿ' ಅನ್ನಲಿಲ್ಲ. ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತೆಲುಗಿನ ಮಾತು ಬಂದಾಗ ಮೇಡಂ ತಮ್ಮ ಮಾತನ್ನು ಸ್ವಲ್ಪ ತಿದ್ದಿಕೊಂಡರು. ಮೀಸಲಾತಿಯ ಮಾತು ಬಂದಾಗ ತಾಯಿ 'ಗೊತ್ತಿರ್ಲಿಲ್ಲ' ಎಂದಳು. ಗೊತ್ತಿಲ್ಲ ಅನ್ನೋದರಲ್ಲಿ ಮಾನ ಹೋಗೋದು ಏನೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಯಾವುದು ಮೇಡಂ ಕೈಯಲ್ಲಿದೆ, ಯಾವುದು ಇಲ್ಲ ಅನ್ನೋದು ಬೇರೆಬೇರೆ ಆಯಿತು. ನಾವು ಎಡವೋದು ಇಲ್ಲೇ. ಸರ್ಕಾರದ ಮೇಲಿನ ಸಿಟ್ಟನ್ನು ಮೇಡಂ ಮೇಲೆ ಹಾಕ್ತೇವೆ. ಪಠ್ಯಪುಸ್ತಕದ ವಿಷಯವನ್ನೇ ನೋಡಿ. 2022ರಲ್ಲಿ ಶಾಲೆ ಪುಸ್ತಕದ ಪಾಠಗಳನ್ನು ಬದಲಾಯಿಸಿದರು ಅಂತ ರಾಜ್ಯದ ತುಂಬ ಗಲಾಟೆ ಆಯಿತು. 2023ರಲ್ಲಿ ಸರ್ಕಾರ ಬದಲಾಯಿತು. ಕೆಲವು ಪಾಠ ಮತ್ತೆ ಬದಲಾದವು. ಎರಡು ಸಲವೂ ಮೇಡಂ ಕೈಗೆ ಬಂದದ್ದು ಮೇಲಿನವರು ಕಳಿಸಿದ ಪುಸ್ತಕವೇ. ಅವರಿಗೆ ಇಷ್ಟ ಇತ್ತೋ ಇಲ್ಲವೋ, ಪಾಠ ಮಾಡಲೇಬೇಕು. ಅದಕ್ಕೆ ಅವರನ್ನು ಬೈದರೆ ಏನು ಬಂತು? ಆ ಮಾತನ್ನು ಓಟು ಕೇಳೋಕೆ ಬಂದವರ ಹತ್ತಿರ ಆಡಬೇಕು.

'ಮೇಡಂ ಯಾವ ಪಕ್ಷ?' ಅಂತಲೂ ಕೆಲವರು ಪತ್ತೆ ಮಾಡ್ತಾರೆ. ಸರ್ಕಾರಿ ಟೀಚರು ಪಕ್ಷಕ್ಕೆ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ನೌಕರಿಯ ನಿಯಮ ಅದು. ಆದರೆ ನಮ್ಮ ಹಾಗೇ ಓಟು ಹಾಕ್ತಾರೆ. ಯಾರಿಗೆ ಹಾಕಿದರು ಅನ್ನೋದು ನಮಗೆ ಬೇಡ. ಕ್ಲಾಸಿನಲ್ಲಿ ಒಂದು ಪಕ್ಷದ ಮಾತು ಆಡಿದರೆ, ಒಂದು ಜಾತಿಯ ಮಗುವನ್ನು ಬೇರೆಯಾಗಿ ನೋಡಿದರೆ, ಆಗ ಕೇಳಲೇಬೇಕು. ಅದು ಅಭಿಪ್ರಾಯದ ಮಾತಲ್ಲ. ಮಗುವಿಗೆ ಹೊಡೆಯುವುದು, ಮನಸ್ಸು ನೋಯುವ ಹಾಗೆ ಹಿಂಸೆ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿಷೇಧ ಆಗಿದೆ.

ಕೆಲವರು ಹೆದರ್ತಾರೆ. ಮೇಡಂಗೆ ಎದುರು ಮಾತಾಡಿದರೆ ಮಗೂನ ನೋಡ್ಕೋತಾರೋ ಇಲ್ಲವೋ, ಟಿ.ಸಿ. ಕೊಡ್ತಾರೋ ಇಲ್ಲವೋ ಅಂತ. ಟಿ.ಸಿ. ಅಂದರೆ ವರ್ಗಾವಣೆ ಪತ್ರ. ಅದೇ ಕಾಯ್ದೆ ಹೇಳುತ್ತದೆ, ಕೇಳಿದ ಕೂಡಲೇ ಟಿ.ಸಿ. ಕೊಡಬೇಕು ಅಂತ. ಅದನ್ನು ತಡೆಹಿಡಿಯುವಂತಿಲ್ಲ. ಇದು ಗೊತ್ತಿದ್ದರೆ ಹೆದರಿಕೆ ಅರ್ಧ ಹೋಗುತ್ತದೆ. ಹೆದರಿಕೆ ಇಲ್ಲದವಳಿಗೆ ಕೂಗುವ ಅಗತ್ಯವೂ ಬರೋದಿಲ್ಲ.

ಮೇಡಂಗೂ ಒಂದು ಹೆದರಿಕೆ ಇದೆ, ಅದನ್ನೂ ಹೇಳಬೇಕು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳ ತನಕ ಇಬ್ಬರು ಟೀಚರು ಅಂತ ಕಾಯ್ದೆ ಇದೆ. ಮಕ್ಕಳು ಕಡಿಮೆ ಆದರೆ ಟೀಚರನ್ನು 'ಹೆಚ್ಚುವರಿ' ಅಂತ ಬೇರೆ ಊರಿಗೆ ಕಳಿಸ್ತಾರೆ. ಒಂದೊಂದು ಮಗು ವ್ಯಾನು ಹತ್ತಿದಾಗಲೂ ಅವರಿಗೆ ಎದೆ ಧಸಕ್ ಅನ್ನುತ್ತದೆ. ಹೋಗಬೇಡಿ ಅಂತ ಅವರು ಹೇಳುವಾಗ ಅದರಲ್ಲಿ ಕನ್ನಡದ ಪ್ರೀತಿಯೂ ಇರುತ್ತದೆ, ಈ ಹೆದರಿಕೆಯೂ ಇರುತ್ತದೆ.

ಈಗ ಎಸ್‌ಡಿಎಂಸಿ ವಿಷಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ತಂದೆತಾಯಿಯರೇ ಇರಬೇಕು ಎನ್ನುತ್ತದೆ. ಒಟ್ಟು ಸದಸ್ಯರಲ್ಲಿ ಅರ್ಧ ಜನ ಹೆಂಗಸರು. ಅಂದರೆ ನಿಮ್ಮಲ್ಲೇ ಯಾರೋ ಸದಸ್ಯರಿರಬಹುದು. ಇದ್ದೀರಾ? ಕೈ ಎತ್ತಿ. ಸಭೆಯಲ್ಲಿ ಏನಾಯಿತು ಅಂತ ಬರೆಯುವ ಪುಸ್ತಕಕ್ಕೆ ನಡಾವಳಿ ಪುಸ್ತಕ ಅಂತಾರೆ. ಇಷ್ಟು ದಿನ ಅದನ್ನು ಮನೆಗೆ ಕಳಿಸಿ 'ಇಲ್ಲೊಂದು ಹೆಬ್ಬೆಟ್ಟು ಹಾಕಮ್ಮ' ಅಂತಿದ್ದರು. ಇನ್ನು ಮೇಲೆ ಓದಿ ಸಹಿ ಮಾಡಿ. ನಿಧಾನ ಆಗಲಿ. ಪುಸ್ತಕ ತಂದವರು ಜಗುಲಿ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯಲಿ.

ಆ ತಾಯಿ ಬರೆದ ಅರ್ಜಿ ಹೀಗಿರಬಹುದು. ನೀವೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಇವರಿಗೆ,
ಅಧ್ಯಕ್ಷರು,
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ,
ನಮ್ಮೂರ ಸರ್ಕಾರಿ ಶಾಲೆ.

ಮಾನ್ಯರೇ,
ನಮ್ಮ ಮಕ್ಕಳು ಈ ಶಾಲೆಯಲ್ಲಿ ಓದುತ್ತಿದ್ದಾರೆ. ಇಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಯೂ ಬೇಕು ಎಂದು ಕೇಳುತ್ತೇವೆ. ಕನ್ನಡ ಮಾಧ್ಯಮವೂ ಇರಲಿ. ಈ ಅರ್ಜಿಯನ್ನು ಮುಂದಿನ ಸಭೆಯಲ್ಲಿ ಇಡಬೇಕು. ಪರವಾದ ಮಾತು, ವಿರುದ್ಧವಾದ ಮಾತು ಎರಡನ್ನೂ ನಡಾವಳಿಯಲ್ಲಿ ಬರೆಯಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳಿಸಿಕೊಡಬೇಕು.
ಇಂತಿ,
ಮಕ್ಕಳ ತಾಯಂದಿರು
(ಸಹಿಗಳು)

'ನಮಗೆ ಇಂಗ್ಲಿಷ್ ಮೀಡಿಯಂ ಬೇಡ, ಕನ್ನಡವೇ ಸಾಕು' ಅನ್ನುವ ತಾಯಂದಿರೂ ಇದ್ದೀರಿ. ನೀವು ಅದೇ ರೀತಿ ನಿಮ್ಮ ಅರ್ಜಿ ಬರೆಯಿರಿ. ಎರಡು ಅರ್ಜಿಯೂ ಒಂದೇ ಸಭೆಗೆ ಬರಲಿ. ಅಂದಹಾಗೆ, ಯಾವ ಮೀಡಿಯಂ ಆದರೂ 2015ರ ಕನ್ನಡ ಕಲಿಕೆ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು.

ಮೊಟ್ಟೆ ಮಾತು ಬಿಟ್ಟುಹೋಯಿತು. ಶಾಲೆ ಊಟದ ಜತೆ ಮೊಟ್ಟೆ ಕೊಡೋದು ಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ಇದಕ್ಕೂ ದೊಡ್ಡ ಗಲಾಟೆಗಳೇ ಆಗಿವೆ. ಕೊನೆಗೆ ಶಾಲೆಯಲ್ಲಿ ಏನು ನಡೆಯಿತು? ತಿನ್ನೋ ಮಗುವಿಗೆ ಮೊಟ್ಟೆ. ಬೇಡ ಅನ್ನೋ ಮಗುವಿಗೆ ಬಾಳೆಹಣ್ಣು. ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತವೆ. ಎಲ್ಲ ವಿಷಯಕ್ಕೂ ಇಷ್ಟು ಸುಲಭದ ದಾರಿ ಸಿಗೋದಿಲ್ಲ. ಮೀಡಿಯಂ ವಿಷಯಕ್ಕಂತೂ ಸಿಕ್ಕಿಲ್ಲ.

ಇನ್ನೊಂದು ಮಾತು ಇದೆ. ಮನೆಯಲ್ಲಿ ಮಗುವಿನ ಮುಂದೆ ಮೇಡಂನ ಬೈಯಬೇಡಿ. ಮಗು ಬೆಳಗ್ಗೆ ಎದ್ದು ಅವರ ಮುಂದೆಯೇ ಕೂರಬೇಕು. ಮನೆಯಲ್ಲಿ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅದು ಪಾಠ ಕೇಳೋದು ಹೇಗೆ?

ನಮ್ಮ ಮಾತು ಸಾಕು. ಈಗ ಇಬ್ಬರು ಮುಂದೆ ಬನ್ನಿ. ಒಬ್ಬರು ತಾಯಿ ಆಗಿ, ಒಬ್ಬರು ಮೇಡಂ ಆಗಿ. ಪುಸ್ತಕ ನೋಡಬೇಡಿ, ನಿಮಗೆ ತೋಚಿದ ಹಾಗೆ ಮಾತಾಡಿ. ಐದು ನಿಮಿಷ ಆದ ಮೇಲೆ ತಾಯಿ ಆದವರು ಮೇಡಂ ಕುರ್ಚಿಯಲ್ಲಿ ಕೂರಿ, ಮೇಡಂ ಆದವರು ಎದ್ದು ತಾಯಿ ಆಗಿ. ಯಾರು ಮೊದಲು ಬರ್ತೀರಿ?